ಹೆಲಿಕಾಪ್ಟರ್ ಹೊತ್ತು ತಂದದ್ದು ವೈದ್ಯರನ್ನು: ಲಂಡನ್, ಜುಲೈ 7, 2005

ಏರ್ ಆಂಬ್ಯುಲೆನ್ಸ್ ಅಂದ ಕೂಡಲೇ ನಮಗೆ ನೆನಪಾಗುವುದು ಒಂದೇ ಕೆಲಸ. ಬೇರೆ ಊರಿನ ಆಸ್ಪತ್ರೆಯಲ್ಲಿರುವ ರೋಗಿಯನ್ನು ವಿಮಾನದಲ್ಲಿ ಬೆಂಗಳೂರಿಗೋ ಚೆನ್ನೈಗೋ ಕರೆತರುವುದು. ಅದೂ ಮುಖ್ಯವಾದ ಕೆಲಸವೇ. ಆದರೆ ನೂರಾರು ಜನ ಒಟ್ಟಿಗೆ ಗಾಯಗೊಂಡ ದಿನ ಈ ಸೇವೆ ಬೇರೆಯೇ ರೂಪ ತಾಳುತ್ತದೆ. ಅಂದು ರೋಗಿ ಆಸ್ಪತ್ರೆಗೆ ಹೋಗುವುದಕ್ಕಿಂತ ಮೊದಲು ಆಸ್ಪತ್ರೆಯ ಅನುಭವ ಬೀದಿಗೆ ಬರಬೇಕು. ಇದನ್ನು ಅರ್ಥ ಮಾಡಿಕೊಳ್ಳಲು 2005ರ ಲಂಡನ್ ಬಾಂಬ್ ಸ್ಫೋಟಗಳಷ್ಟು ಚೆನ್ನಾಗಿ ದಾಖಲಾದ ಪ್ರಕರಣ ಅಪರೂಪ. ವೈದ್ಯರು ಬರೆದ ಅಧ್ಯಯನಗಳಿವೆ. ನಗರದ ಪ್ರತಿನಿಧಿಗಳ ಸಭೆ 2006ರಲ್ಲಿ ಕೊಟ್ಟ ವರದಿ ಇದೆ. 2011ರಲ್ಲಿ ನ್ಯಾಯಾಧೀಶರು ಮುಗಿಸಿದ ಸಾವಿನ ವಿಚಾರಣೆ ಇದೆ. ಇಲ್ಲಿ ಗಾಯಾಳುಗಳ ಹೆಸರಾಗಲಿ, ಸ್ಥಳದಲ್ಲಿದ್ದ ವೈದ್ಯರ ಹೆಸರಾಗಲಿ ಹೇಳುವುದಿಲ್ಲ. ನೋಡಬೇಕಾದದ್ದು ಅವರು ತೆಗೆದುಕೊಂಡ ತೀರ್ಮಾನಗಳನ್ನು.

ಹಿನ್ನೆಲೆ

ಲಂಡನ್‌ನ ಹೆಲಿಕಾಪ್ಟರ್ ವೈದ್ಯಕೀಯ ಸೇವೆ ಶುರುವಾದದ್ದು 1989ರಲ್ಲಿ. ಜನ ಇದನ್ನು ಹೆಮ್ಸ್ ಎಂದು ಕರೆಯುತ್ತಾರೆ. ಅದರ ಹಿಂದಿನ ವರ್ಷ ಅಲ್ಲಿನ ಶಸ್ತ್ರಚಿಕಿತ್ಸಕರ ರಾಯಲ್ ಕಾಲೇಜು ಒಂದು ಕಟುವಾದ ವರದಿ ಕೊಟ್ಟಿತ್ತು. ಅಪಘಾತದಲ್ಲಿ ಗಾಯಗೊಂಡು ಸಾಯುವವರಲ್ಲಿ ಎಷ್ಟೋ ಜನರನ್ನು ಉಳಿಸಬಹುದಿತ್ತು ಎಂಬುದು ಅದರ ತಿರುಳು. ಉಳಿಸಬೇಕಾದರೆ ಅನುಭವಿ ವೈದ್ಯರು ಗಾಯಾಳುವಿನ ಬಳಿಗೆ ಬೇಗ ಹೋಗಬೇಕು. ಆ ಯೋಚನೆಯಿಂದ ಹುಟ್ಟಿದ ಸೇವೆ ಇದು.

ಇದರ ನೆಲೆ ವೈಟ್‌ಚಾಪೆಲ್‌ನ ರಾಯಲ್ ಲಂಡನ್ ಆಸ್ಪತ್ರೆ. ಹೆಲಿಕಾಪ್ಟರ್ ಆಸ್ಪತ್ರೆಯ ತಾರಸಿಯಿಂದಲೇ ಏಳುತ್ತದೆ. ಅದರಲ್ಲಿ ಪೈಲಟ್‌ಗಳ ಜೊತೆ ಒಬ್ಬ ವೈದ್ಯ, ಒಬ್ಬ ಪ್ಯಾರಾಮೆಡಿಕ್ ಹೋಗುತ್ತಾರೆ. ಇನ್ನೊಬ್ಬ ಪ್ಯಾರಾಮೆಡಿಕ್ ಆಂಬ್ಯುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಕೂತು ತುರ್ತು ಸಂಖ್ಯೆ 999ಕ್ಕೆ ಬರುವ ಕರೆಗಳನ್ನು ಗಮನಿಸುತ್ತಾರೆ. ಯಾವುದಕ್ಕೆ ಈ ತಂಡವನ್ನು ಕಳಿಸಬೇಕು ಎಂದು ಹೇಳುವವರು ಅವರೇ. ರಾತ್ರಿ ಹೊತ್ತು ತಂಡ ಕಾರಿನಲ್ಲಿ ಹೋಗುತ್ತದೆ. ಹಗಲಿನಲ್ಲೂ ಗಾಯಾಳುಗಳಲ್ಲಿ ಹೆಚ್ಚಿನವರನ್ನು ಆಸ್ಪತ್ರೆಗೆ ಒಯ್ಯುವುದು ರಸ್ತೆಯ ಆಂಬ್ಯುಲೆನ್ಸಿನಲ್ಲೇ, ವೈದ್ಯರು ಜೊತೆಗೆ ಕೂರುತ್ತಾರೆ. ಅಂದರೆ ಹೆಲಿಕಾಪ್ಟರ್ ಇರುವುದು ಮುಖ್ಯವಾಗಿ ಹೋಗುವುದಕ್ಕೆ, ತರುವುದಕ್ಕಲ್ಲ. ಈ ವಿಷಯ ತಿಳಿದಿದ್ದರೆ ಜುಲೈ 7ರಂದು ನಡೆದದ್ದು ಸುಲಭವಾಗಿ ಅರ್ಥವಾಗುತ್ತದೆ.

ದೊಡ್ಡ ದುರಂತಕ್ಕೆ ಅವರ ಬಳಿ ಮೊದಲೇ ಯೋಜನೆ ಇತ್ತು. ಬ್ರಿಟನ್ನಿನಲ್ಲಿ ಇಂಥ ತಂಡಗಳಿಗೆ ಕಲಿಸುವ ಕ್ರಮ ಹೀಗಿದೆ: ಮೊದಲು ನಾಯಕತ್ವ, ಆಮೇಲೆ ಸುರಕ್ಷತೆ, ಸಂಪರ್ಕ, ಪರಿಸ್ಥಿತಿಯ ಅಂದಾಜು, ಟ್ರಯಾಜ್ (ಯಾರನ್ನು ಮೊದಲು ನೋಡಬೇಕು ಎಂದು ಗಾಯಾಳುಗಳನ್ನು ವಿಂಗಡಿಸುವುದು), ಚಿಕಿತ್ಸೆ, ಸಾಗಾಟ. ಚಿಕಿತ್ಸೆ ಆರನೆಯದು ಎಂಬುದನ್ನು ಗಮನಿಸಿ. ಮೊದಲು ತಲುಪಿದ ತಂಡ ಯಾರ ಪಕ್ಕದಲ್ಲೂ ಮೊಣಕಾಲೂರಿ ಕೂರಬಾರದು. ಸುತ್ತ ನೋಡಬೇಕು, ಎಷ್ಟು ಜನ, ಏನಾಗಿದೆ, ಯಾವ ದಾರಿಯಿಂದ ಬರಬಹುದು, ಇನ್ನೇನು ಅಪಾಯ ಇದೆ ಎಂದು ವರದಿ ಮಾಡಬೇಕು. ಎದುರಿಗೆ ಒಬ್ಬ ಮನುಷ್ಯ ನರಳುತ್ತಿರುವಾಗ ಹಾಗೆ ಮಾಡುವುದು ತುಂಬಾ ಕಷ್ಟ. ಅದಕ್ಕೇ ಅದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆ.

ಬೆಳಿಗ್ಗೆ 8.50

ಗುರುವಾರ ಬೆಳಿಗ್ಗೆ, ಕಚೇರಿಗೆ ಹೋಗುವ ಹೊತ್ತು. ಸುಮಾರು 8.50ಕ್ಕೆ ಒಂದು ನಿಮಿಷದೊಳಗೆ ಮೂರು ಸುರಂಗ ರೈಲುಗಳಲ್ಲಿ ಬಾಂಬ್ ಸಿಡಿದವು. ಒಂದು ಆಲ್ಡ್‌ಗೇಟ್ ಹತ್ತಿರ, ಒಂದು ಎಡ್ಜ್‌ವೇರ್ ರೋಡ್ ಹತ್ತಿರ, ಇನ್ನೊಂದು ಕಿಂಗ್ಸ್ ಕ್ರಾಸ್ ಮತ್ತು ರಸೆಲ್ ಸ್ಕ್ವೇರ್ ನಡುವೆ.

ಆದರೆ ಇದು ನಮಗೆ ಈಗ ಗೊತ್ತು. ಆಗ ಕಂಟ್ರೋಲ್ ರೂಮಿಗೆ ಬಂದ ಚಿತ್ರವೇ ಬೇರೆ. ಮೊದಲು ಕೇಳಿದ್ದು ವಿದ್ಯುತ್ ತೊಂದರೆ ಎಂದು. ಸಿಡಿದ ರೈಲುಗಳು ಎರಡು ನಿಲ್ದಾಣಗಳ ನಡುವೆ ಇದ್ದವು. ಗಾಯಗೊಂಡವರು ಎರಡೂ ಕಡೆಯಿಂದ ಮೇಲೆ ಬರತೊಡಗಿದರು. ಹಾಗಾಗಿ ಒಂದೇ ಸ್ಫೋಟ ಎರಡು ಘಟನೆಗಳಂತೆ ಕಂಡಿತು. ಎಲ್ಲೆಲ್ಲಿ ಏನಾಗಿದೆ, ಒಟ್ಟು ಎಷ್ಟು ಕಡೆ ಎಂಬುದೇ ಬಹಳ ಹೊತ್ತು ಖಚಿತವಾಗಲಿಲ್ಲ.

ಅಷ್ಟರಲ್ಲಿ 9.47ಕ್ಕೆ ಟ್ಯಾವಿಸ್ಟಾಕ್ ಸ್ಕ್ವೇರ್‌ನಲ್ಲಿ ಒಂದು ಡಬಲ್ ಡೆಕ್ಕರ್ ಬಸ್ಸು ಸಿಡಿಯಿತು. ಮೊದಲ ಮೂರರ ನಂತರ ಸುಮಾರು ಒಂದು ಗಂಟೆಯ ಅಂತರ. ತಂಡಗಳ ಹಂಚಿಕೆಯ ಲೆಕ್ಕ ಹಾಕುವವರಿಗೆ ಆ ಒಂದು ಗಂಟೆ ದೊಡ್ಡ ಪಾಠ. ಮೊದಲ ಕರೆಗೇ ಇದ್ದವರನ್ನೆಲ್ಲ ಕಳಿಸಿಬಿಟ್ಟರೆ ನಾಲ್ಕನೆಯ ಕರೆಗೆ ಯಾರೂ ಉಳಿಯುವುದಿಲ್ಲ.

ಅಂದು ಒಟ್ಟು 52 ಪ್ರಯಾಣಿಕರು ಸತ್ತರು: ರಸೆಲ್ ಸ್ಕ್ವೇರ್ ಸುರಂಗದಲ್ಲಿ 26, ಬಸ್ಸಿನ ಸ್ಫೋಟದಲ್ಲಿ 13, ಆಲ್ಡ್‌ಗೇಟ್‌ನಲ್ಲಿ 7, ಎಡ್ಜ್‌ವೇರ್ ರೋಡ್‌ನಲ್ಲಿ 6. ದಾಳಿ ಮಾಡಿದ ನಾಲ್ವರೂ ಸತ್ತರು.

ಯಾರನ್ನು, ಎಲ್ಲಿಗೆ

ಸಾಮಾನ್ಯ ದಿನವಾಗಿದ್ದರೆ ಕರ್ತವ್ಯದಲ್ಲಿ ಇರುತ್ತಿದ್ದದ್ದು ಬೆರಳೆಣಿಕೆಯಷ್ಟು ಹೆಮ್ಸ್ ವೈದ್ಯರು. ನಾಲ್ಕು ಸ್ಥಳಗಳಿಗೆ ಅದು ಸಾಲುತ್ತಿರಲಿಲ್ಲ. ಆದರೆ ಆ ಗುರುವಾರ ತಂಡದ ತಿಂಗಳ ಸಭೆ ಇತ್ತು. ಹಿಂದಿನ ಪ್ರಕರಣಗಳನ್ನು ಎದುರಿಗಿಟ್ಟುಕೊಂಡು ಎಲ್ಲಿ ಸರಿಯಾಯಿತು, ಎಲ್ಲಿ ತಪ್ಪಾಯಿತು ಎಂದು ಚರ್ಚಿಸುವ ಸಭೆ. ಹಾಗಾಗಿ ರಜೆಯಲ್ಲಿದ್ದವರು, ಮೊದಲು ಕೆಲಸ ಮಾಡಿ ಬೇರೆ ಆಸ್ಪತ್ರೆಗೆ ಹೋದವರು, ಎಲ್ಲ ಸೇರಿ ಹಲವು ವೈದ್ಯರು, ಪ್ಯಾರಾಮೆಡಿಕ್‌ಗಳು ರಾಯಲ್ ಲಂಡನ್‌ನಲ್ಲೇ ಇದ್ದರು. ಸಭೆ ನಿಂತಿತು. ಇದ್ದವರನ್ನು ತಂಡಗಳಾಗಿ ಕಟ್ಟಿ ಕಳಿಸತೊಡಗಿದರು. ದಿನ ಮುಗಿಯುವ ಹೊತ್ತಿಗೆ ಹೊರಟ ತಂಡಗಳು 18.

ಇದನ್ನು ಅದೃಷ್ಟ ಎನ್ನಬಹುದು, ಹೌದು. ಆದರೆ ಅದೃಷ್ಟವನ್ನು ಬಳಸಿಕೊಳ್ಳಲೂ ತಯಾರಿ ಬೇಕಲ್ವಾ? ಅವತ್ತು ಜೋಡಿಯಾಗಿ ಹೊರಟ ವೈದ್ಯ ಮತ್ತು ಪ್ಯಾರಾಮೆಡಿಕ್ ಹಿಂದೆ ಒಟ್ಟಿಗೆ ಕೆಲಸ ಮಾಡಿಲ್ಲದಿರಬಹುದು. ಆದರೆ ಇಬ್ಬರೂ ಕಲಿತದ್ದು ಒಂದೇ ಕ್ರಮ, ಬಳಸುವುದು ಒಂದೇ ಬಗೆಯ ಚೀಲ, ಅದರಲ್ಲಿ ಯಾವ ಔಷಧಿ ಎಲ್ಲಿದೆ ಎಂಬುದೂ ಒಂದೇ. ಅಷ್ಟಿಲ್ಲದೆ ಇದ್ದಿದ್ದರೆ ಒಂದು ಕೋಣೆ ತುಂಬ ವೈದ್ಯರಿದ್ದೂ ಪ್ರಯೋಜನವಾಗುತ್ತಿರಲಿಲ್ಲ. ನನ್ನ ಮಟ್ಟಿಗೆ ಈ ಪ್ರಕರಣದ ಮೊದಲ ತಿರುವು ಇದೇ.

ಎರಡನೆಯದು ಹೆಲಿಕಾಪ್ಟರಿನ ಬಳಕೆ. ಸುರಂಗ ರೈಲು ನಿಂತಿತ್ತು. ಜನ ರಸ್ತೆಗೆ ಬಂದಿದ್ದರು. ಆಮೇಲೆ ನಗರದ ನಡುವಿನ ಬಸ್ಸುಗಳನ್ನೂ ವಾಪಸ್ ಕರೆಸಿಕೊಂಡರು. ರಸ್ತೆಗಳು ಸಿಕ್ಕುಬಿದ್ದಿದ್ದವು. ಅಂಥ ಹೊತ್ತಲ್ಲಿ ಗಾಯಾಳುಗಳನ್ನು ಹೆಲಿಕಾಪ್ಟರಿನಲ್ಲಿ ಎತ್ತಿ ತರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಒಂದು ಸಲಕ್ಕೆ ಮಲಗಿದ ಒಬ್ಬ ರೋಗಿ. ಹತ್ತಿಸಬೇಕು, ಇಳಿಸಬೇಕು. ನೂರಾರು ಗಾಯಾಳುಗಳಿಗೆ ಅದು ಏನೂ ಅಲ್ಲ. ಅದೇ ಹೆಲಿಕಾಪ್ಟರ್ ವೈದ್ಯರನ್ನೂ ಸಾಮಾನನ್ನೂ ಒಂದು ಸ್ಥಳದಲ್ಲಿ ಇಳಿಸಿ ಮತ್ತೆ ತಾರಸಿಗೆ ಬಂದು ಇನ್ನೊಂದು ತಂಡವನ್ನು ಒಯ್ದರೆ ಅದರ ಲಾಭ ಆ ಸ್ಥಳದ ಪ್ರತಿ ಗಾಯಾಳುವಿಗೂ ಸಿಗುತ್ತದೆ. ಅಂದು ಹಾಗೇ ಮಾಡಿದರು. ತಂಡಗಳನ್ನು ಬೇಗ ಹಂಚುವುದಕ್ಕೆ ಹೆಲಿಕಾಪ್ಟರ್, ಹತ್ತಿರದ ಜಾಗಕ್ಕೆ ಕಾರು, ಗಾಯಾಳುಗಳಿಗೆ ರಸ್ತೆಯ ಆಂಬ್ಯುಲೆನ್ಸ್. ನಡೆಯಬಲ್ಲ ಗಾಯಾಳುಗಳನ್ನು ಸಿಟಿ ಬಸ್ಸಿನಲ್ಲಿ ಕೂರಿಸಿ ಆಸ್ಪತ್ರೆಗೆ ಕಳಿಸಿದ್ದೂ ಉಂಟು.

ಟ್ಯಾವಿಸ್ಟಾಕ್ ಸ್ಕ್ವೇರ್‌ನ ಕಥೆ ಬೇರೆ. ಬಸ್ಸು ಸಿಡಿದದ್ದು ಬ್ರಿಟಿಷ್ ವೈದ್ಯಕೀಯ ಸಂಘದ ಕಟ್ಟಡದ ಎದುರಿಗೆ. ಒಳಗೆ ಸಭೆಗೆ ಬಂದಿದ್ದ ವೈದ್ಯರು ಹೊರಗೆ ಓಡಿ ಬಂದರು. ಕೈಯಲ್ಲಿ ಸಲಕರಣೆ ಇರಲಿಲ್ಲ. ಅವರಲ್ಲಿ ಒಬ್ಬರಿಗೆ ದೊಡ್ಡ ದುರಂತಗಳ ನಿರ್ವಹಣೆಯ ತರಬೇತಿ ಇತ್ತು. ಅವರು ಚಿಕಿತ್ಸೆಗೆ ಕೈ ಹಾಕಲಿಲ್ಲ, ನಾಯಕತ್ವ ವಹಿಸಿಕೊಂಡರು. ಉಳಿದವರನ್ನು ಹಂಚಿದರು, ಗಾಯಾಳುಗಳನ್ನು ಕಟ್ಟಡದ ಅಂಗಳಕ್ಕೆ ಸಾಗಿಸಿದರು, ಸರದಿ ನಿರ್ಧರಿಸಿದರು. ಸಾಮಾನು ಆಮೇಲೆ ಬಂತು. ಮೊದಲು ಬೇಕಾಗಿದ್ದದ್ದು ಒಬ್ಬರು ನಿಂತು ನೋಡುವುದು. ಅದು ಅಲ್ಲಿ ಸಿಕ್ಕಿತು.

ಸುರಂಗದೊಳಗೆ

ಮೂರು ರೈಲುಗಳಲ್ಲೂ ಸ್ಫೋಟ ಒಂದೇ ಬಗೆಯದು. ಆದರೂ ರಸೆಲ್ ಸ್ಕ್ವೇರ್ ಹತ್ತಿರ ಸಾವು ಅಷ್ಟು ಜಾಸ್ತಿ ಯಾಕೆ? ರೈಲಿನಲ್ಲಿ ಜನ ಕಿಕ್ಕಿರಿದಿದ್ದರು. ಜೊತೆಗೆ ಆಲ್ಡ್‌ಗೇಟ್ ಮತ್ತು ಎಡ್ಜ್‌ವೇರ್ ರೋಡ್ ಮಾರ್ಗಗಳು ನೆಲದಿಂದ ಸ್ವಲ್ಪವೇ ಕೆಳಗಿವೆ. ಎರಡು ಹಳಿಗಳಿರುವ ಅಗಲ ಸುರಂಗ. ಸ್ಫೋಟದ ಒತ್ತಡ ಹರಡಲು ಜಾಗವಿತ್ತು. ರಸೆಲ್ ಸ್ಕ್ವೇರ್ ಇರುವ ಪಿಕಾಡಿಲಿ ಮಾರ್ಗದ ಸುರಂಗ ಆಳದಲ್ಲಿದೆ, ಕಿರಿದಾಗಿದೆ, ಒಂದೇ ಹಳಿ. ರೈಲಿಗೂ ಗೋಡೆಗೂ ನಡುವೆ ಅಂತರ ಬಹಳ ಕಡಿಮೆ. ಒತ್ತಡ ಹೊರಗೆ ಹೋಗಲಾರದೆ ಒಳಗಿದ್ದವರ ಮೇಲೇ ಬಿತ್ತು. ರಕ್ಷಣೆಗೆ ಹೋದವರಿಗೂ ಅದೇ ತೊಂದರೆ. ಕತ್ತಲು, ಹೊಗೆ, ಸೆಖೆ, ನಿಲ್ಲಲು ಜಾಗವಿಲ್ಲ, ಸ್ಟ್ರೆಚರ್ ಹೊರುವ ದಾರಿ ಉದ್ದ.

ಇಂಥಲ್ಲಿ ಟ್ರಯಾಜ್ ಹೇಗೆ? ಆಗ ಬಳಸುತ್ತಿದ್ದ ಕ್ರಮ ಸರಳ. ನಡೆಯಬಲ್ಲವರಿಗೆ ಹಸಿರು ಗುರುತು. ಉಸಿರಿನ ದಾರಿ ತೆರೆದ ಮೇಲೂ ಉಸಿರಾಡದವರನ್ನು ಸತ್ತವರೆಂದು ಬಿಟ್ಟು ಮುಂದೆ ಹೋಗಬೇಕು. ನಿಮಿಷಕ್ಕೆ ಉಸಿರು 10ಕ್ಕಿಂತ ಕಡಿಮೆ ಅಥವಾ 29ಕ್ಕಿಂತ ಹೆಚ್ಚು ಇದ್ದರೆ ಕೆಂಪು, ಅಂದರೆ ಮೊದಲು ನೋಡಬೇಕಾದವರು. ಉಗುರು ಒತ್ತಿ ಬಿಟ್ಟಾಗ ಬಣ್ಣ ಮರಳಲು 2 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಅದೂ ಕೆಂಪು. ಉಳಿದವರು ಹಳದಿ. ಓದಲು ಸುಲಭ. ಕತ್ತಲ ಸುರಂಗದಲ್ಲಿ ಉಗುರಿನ ಬಣ್ಣ ನೋಡುವುದು, ಕಿರುಚಾಟದ ನಡುವೆ ಉಸಿರು ಎಣಿಸುವುದು ಬೇರೆ ಮಾತು. ಗಾಯಾಳು ಇನ್ನೂ ಬದುಕಿದ್ದಾಗಲೇ ಅವರನ್ನು ದಾಟಿ ಮುಂದೆ ಹೋಗುವುದು ಎಷ್ಟು ಭಾರವಾದ ಕೆಲಸ ಎಂಬುದು ವಿಚಾರಣೆಯ ಸಾಕ್ಷ್ಯಗಳಲ್ಲಿ ಕಾಣುತ್ತದೆ. ಬದುಕುಳಿದವರಿಗೂ, ಸತ್ತವರ ಮನೆಯವರಿಗೂ ಅದು ಇಂದಿಗೂ ನೋವು. ಆ ನೋವನ್ನು ಬರೀ ನಿಯಮದ ಹೆಸರಿನಲ್ಲಿ ತಳ್ಳಿಹಾಕಬಾರದು.

ಕಷ್ಟವಾದ ಇನ್ನೊಂದು ತೀರ್ಮಾನ ಸುರಕ್ಷತೆಯದ್ದು. ಇನ್ನೊಂದು ಬಾಂಬ್ ಇರಬಹುದು. ರಾಸಾಯನಿಕ ಇರಬಹುದು. ಹಳಿಯಲ್ಲಿ ಕರೆಂಟ್ ಇನ್ನೂ ಇರಬಹುದು. ಸಿಬ್ಬಂದಿ ಒಳಗೆ ಹೋಗುವ ಮೊದಲು ಕರೆಂಟ್ ಕಡಿತವಾಗಿದೆ ಎಂದು ಖಚಿತಪಡಿಸಿಕೊಳ್ಳಬೇಕಿತ್ತು. ಅದನ್ನು ಯಾರು ಹೇಳಬೇಕು, ಯಾರ ಮಾತು ನಂಬಬೇಕು ಎಂಬ ಗೊಂದಲದಲ್ಲಿ ಸಮಯ ಹೋಯಿತು. ಮುಂದೆ ವಿಚಾರಣೆ ಈ ಅಂಶವನ್ನು ಗಂಭೀರವಾಗಿ ತೆಗೆದುಕೊಂಡಿತು. ರಕ್ಷಣೆಗೆ ಬಂದ ಎಲ್ಲ ಇಲಾಖೆಯವರೂ ಸೇರಬೇಕಾದ ಒಂದೇ ಜಾಗ ಇರಬೇಕು, ಕರೆಂಟ್ ಕಡಿತವಾದ ಮಾಹಿತಿ ಎಲ್ಲರಿಗೂ ಬೇಗ ತಲುಪಬೇಕು ಎಂಬುದು ಅಲ್ಲಿಂದ ಹುಟ್ಟಿದ ಮಾತು.

ಹೆಮ್ಸ್ ವೈದ್ಯರು ಒಳಗೆ ಮಾಡಿದ್ದು ಎಲ್ಲ ಚಿಕಿತ್ಸೆಯನ್ನಲ್ಲ. ರಕ್ತ ನಿಲ್ಲಿಸುವುದು, ಉಸಿರಿನ ದಾರಿ ಕಾಯುವುದು, ನೋವು ಕಡಿಮೆ ಮಾಡಿ ಹೊರಗೆ ಸಾಗಿಸುವುದು. ಉಳಿದದ್ದು ಮೇಲೆ, ಬೆಳಕಿನಲ್ಲಿ. ಎಷ್ಟು ಮಾಡಬೇಕು ಎಂಬುದಕ್ಕಿಂತ ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯುವುದೇ ಇಲ್ಲಿ ಅನುಭವ.

ಮಾತು ತಲುಪಲಿಲ್ಲ

ಅಂದು ಸೋತದ್ದು ಸಂಪರ್ಕ. ಸುರಂಗದಲ್ಲಿ ಆಂಬ್ಯುಲೆನ್ಸ್ ಸಿಬ್ಬಂದಿಯ ರೇಡಿಯೋ ಕೆಲಸ ಮಾಡಲಿಲ್ಲ. ಮೇಲಕ್ಕೂ ಕೆಳಕ್ಕೂ ಜನರೇ ಓಡಿ ಸುದ್ದಿ ಮುಟ್ಟಿಸಬೇಕಾಯಿತು. ಮೇಲೆ ಮೊಬೈಲ್ ಜಾಲ ಕಿಕ್ಕಿರಿದಿತ್ತು, ಆಂಬ್ಯುಲೆನ್ಸ್ ಸೇವೆಯ ಅಧಿಕಾರಿಗಳು ನೆಚ್ಚಿಕೊಂಡಿದ್ದದ್ದೂ ಮೊಬೈಲನ್ನೇ. ಆಲ್ಡ್‌ಗೇಟ್ ಸುತ್ತ ಒಂದು ಕಿಲೋಮೀಟರ್ ವ್ಯಾಪ್ತಿಯಲ್ಲಿ ಒಂದು ಕಂಪನಿಯ ಜಾಲವನ್ನು ಕೆಲವು ಗಂಟೆ ಸಾರ್ವಜನಿಕರಿಗೆ ಮುಚ್ಚಲಾಯಿತು. ಮೇಲಿನ ಸಮನ್ವಯ ಗುಂಪು ಅದು ಬೇಡ ಎಂದು ತೀರ್ಮಾನಿಸಿದ್ದರೂ ಸ್ಥಳೀಯ ಪೊಲೀಸರು ಅದನ್ನು ಮಾಡಿಸಿದರು. ಬೇಡ ಎನ್ನಲು ಕಾರಣವಿತ್ತು: ಜನ ಗಾಬರಿಯಾಗುತ್ತಾರೆ, ಮತ್ತು ಮುಚ್ಚಿದ ಮೇಲೂ ಮಾತಾಡಬಲ್ಲ ವಿಶೇಷ ಫೋನು ಬೇಕಾದವರ ಕೈಯಲ್ಲೆಲ್ಲ ಇದೆ ಎಂಬ ಖಾತ್ರಿ ಇರಲಿಲ್ಲ.

ಇದರ ಪರಿಣಾಮ ಗಾಯಾಳುಗಳ ಮೇಲೆ ನೇರವಾಗಿಯೇ ಆಯಿತು. ಕೆಲವು ಸ್ಥಳಗಳಲ್ಲಿ ಆಂಬ್ಯುಲೆನ್ಸ್ ಸಾಲಲಿಲ್ಲ, ಸ್ಟ್ರೆಚರ್ ಸಾಲಲಿಲ್ಲ, ಡ್ರಿಪ್ ಸಾಲಲಿಲ್ಲ. ಬೇಕು ಎಂಬ ಮಾತು ತಲುಪಿದರೆ ತಾನೇ ಕಳಿಸುವುದು? ನಗರ ಪ್ರತಿನಿಧಿಗಳ 2006ರ ವರದಿ ಈ ಭಾಗದಲ್ಲಿ ಯಾರನ್ನೂ ಮೆಚ್ಚಿಸಲು ಹೋಗಿಲ್ಲ. ಅದನ್ನು ಓದಿದರೆ ಒಂದು ಅಂಶ ಎದ್ದು ಕಾಣುತ್ತದೆ. ವೈದ್ಯರ ಕೈಚಳಕಕ್ಕೂ ಒಂದು ಮಿತಿ ಇದೆ. ಸ್ಥಳದಲ್ಲಿ ತೆಗೆದುಕೊಂಡ ಒಳ್ಳೆಯ ತೀರ್ಮಾನ ಸ್ಥಳದಲ್ಲೇ ಉಳಿದುಬಿಟ್ಟರೆ ಅರ್ಧ ಕೆಲಸ ಮಾತ್ರ ಆದಂತೆ.

ಆಸ್ಪತ್ರೆಯ ಬಾಗಿಲು

ರಾಯಲ್ ಲಂಡನ್ ಆಸ್ಪತ್ರೆಗೆ ಬಂದ ಗಾಯಾಳುಗಳು 194. ಅವರಲ್ಲಿ ಗಂಭೀರ ಗಾಯಾಳುಗಳಾಗಿ ಬಂದವರು 27. ಅತಿ ಹೆಚ್ಚು ಒತ್ತಡವಿದ್ದ ಹೊತ್ತಿನಲ್ಲಿ ಗಂಟೆಗೆ 18 ಗಂಭೀರ ಗಾಯಾಳುಗಳ ವೇಗದಲ್ಲಿ ಬಂದರು. ತುರ್ತು ಚಿಕಿತ್ಸೆಯ ಕೋಣೆ 15 ನಿಮಿಷದಲ್ಲೇ ಭರ್ತಿ.

ಇಲ್ಲಿ ಬರುತ್ತದೆ ಈ ಪ್ರಕರಣದ ಅತಿ ಮುಖ್ಯ ಭಾಗ. ಕೋಣೆ 15 ನಿಮಿಷದಲ್ಲಿ ತುಂಬಿದ ಮೇಲೂ ಆಸ್ಪತ್ರೆ ಕುಸಿಯಲಿಲ್ಲ. ಯಾಕೆ? ಟ್ರಯಾಜನ್ನು ಒಂದೇ ಸಲ ಮಾಡಿ ಬಿಡಲಿಲ್ಲ. ಸ್ಥಳದಲ್ಲಿ ಒಮ್ಮೆ, ಬಾಗಿಲಲ್ಲಿ ಮತ್ತೊಮ್ಮೆ, ಒಳಗೆ ಮತ್ತೆ. ಕೆಂಪು ಗುರುತಿನೊಂದಿಗೆ ಬಂದವರಿಗೆ ಅಷ್ಟು ಅಪಾಯವಿಲ್ಲ ಎಂದು ಕಂಡರೆ ಕೂಡಲೇ ಜಾಗ ಬದಲಿಸಿದರು. ಪರೀಕ್ಷೆಗಳನ್ನು ಆದಷ್ಟು ಕಡಿಮೆ ಮಾಡಿದರು. ಸ್ಕ್ಯಾನ್ ಸಾಲಿನಲ್ಲಿ ಯಾರೂ ಕಾಯುವಂತಾಗಬಾರದು ಎಂಬುದು ಉದ್ದೇಶ. ಶಸ್ತ್ರಚಿಕಿತ್ಸೆಯೂ ಚಿಕ್ಕದು: ರಕ್ತ ನಿಲ್ಲಿಸು, ಗಾಯ ತೊಳೆ, ಐಸಿಯುಗೆ ಕಳಿಸು, ಉಳಿದದ್ದನ್ನು ಆಮೇಲೆ ನೋಡೋಣ. ಅಂದು ಶಸ್ತ್ರಚಿಕಿತ್ಸೆ ಬೇಕಾದವರು 17 ಜನ. ಮೊದಲ 15 ಗಂಟೆಗಳಲ್ಲಿ ಬಳಸಿದ ರಕ್ತ ಮತ್ತು ರಕ್ತದ ಅಂಶಗಳು 264 ಯೂನಿಟ್. ಇದು ಆ ಆಸ್ಪತ್ರೆಯ ದಿನನಿತ್ಯದ ಬಳಕೆಗೆ ಹತ್ತಿರದ ಲೆಕ್ಕ. ಇಂಥ ದಿನ ರಕ್ತಕ್ಕೇ ಮೊದಲು ಹಾಹಾಕಾರ ಎಂದು ನಾವು ಅಂದುಕೊಳ್ಳುತ್ತೇವೆ. ಅಲ್ಲಿ ಮೊದಲು ತುಂಬಿದ್ದು ತುರ್ತು ಕೋಣೆಯ ಹಾಸಿಗೆಗಳು.

ಏನಾಯಿತು

ಒಟ್ಟು ಲೆಕ್ಕವನ್ನು ವೈದ್ಯರ ತಂಡವೊಂದು 2006ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿತು. ಗಾಯಾಳುಗಳು 775. ದಾಳಿಕೋರರೂ ಸೇರಿ ಸಾವು 56, ಅದರಲ್ಲಿ 53 ಸ್ಥಳದಲ್ಲೇ. ಮೊದಲು ಸಾಗಿಸಬೇಕು ಎಂದು ಗುರುತಿಸಿದವರು 55. ಅವರಲ್ಲಿ ನಿಜಕ್ಕೂ ಜೀವಾಪಾಯದಲ್ಲಿದ್ದವರು 20. ಆ 20 ಜನರಲ್ಲಿ ಶೇ. 15ರಷ್ಟು, ಅಂದರೆ ಮೂವರು ತೀರಿಕೊಂಡರು.

55ರಲ್ಲಿ 35 ಜನರ ಗಾಯವನ್ನು ಇದ್ದದ್ದಕ್ಕಿಂತ ಗಂಭೀರ ಎಂದು ಎಣಿಸಲಾಗಿತ್ತು. ಹೀಗೆ ಜಾಸ್ತಿ ಜನರನ್ನು ಕೆಂಪಿಗೆ ಹಾಕಿದರೆ ಆಸ್ಪತ್ರೆ ತುಂಬಿ ನಿಜವಾದ ಗಂಭೀರ ರೋಗಿಗಳು ಸಾಯುತ್ತಾರೆ ಎಂಬ ಅಭಿಪ್ರಾಯ ಹಿಂದಿನ ಸ್ಫೋಟಗಳ ಅಧ್ಯಯನಗಳಿಂದ ಬಂದಿತ್ತು. ಲಂಡನ್‌ನಲ್ಲಿ ಹಾಗಾಗಲಿಲ್ಲ. ಎಣಿಕೆ ಜಾಸ್ತಿಯಾಗಿದ್ದರೂ ಸಾವು ಕಡಿಮೆ ಇತ್ತು. ಸ್ಥಳದಲ್ಲಿ ಬೇಗ ಸಿಕ್ಕ ನಾಯಕತ್ವ, ಮತ್ತೆ ಮತ್ತೆ ಮಾಡಿದ ಟ್ರಯಾಜ್ ಇದಕ್ಕೆ ಕಾರಣ ಎಂಬುದು ಆ ವೈದ್ಯರ ತಂಡದ ವಾದ. ಇನ್ನೊಂದು ಅಂಶವೂ ಕಂಡಿತು. ಹೆಮ್ಸ್‌ನಂಥ ಅನುಭವಿ ತಂಡ ಮೊದಲ ಟ್ರಯಾಜ್ ಮಾಡಿದ ಸ್ಥಳಗಳಲ್ಲಿ ಈ ಅತಿ ಎಣಿಕೆ ಕಡಿಮೆ ಇತ್ತು. ಅಂದರೆ ಹೆಲಿಕಾಪ್ಟರಿನಲ್ಲಿ ಬಂದ ವೈದ್ಯರ ಲಾಭ ಅವರು ಮುಟ್ಟಿದ ಗಾಯಾಳುಗಳಿಗಷ್ಟೇ ಸಿಗಲಿಲ್ಲ. ಅವರು ನೋಡಿ, ಇವರು ಕಾಯಬಹುದು ಎಂದು ಹೇಳಿದವರಿಂದಲೂ ಆಸ್ಪತ್ರೆಯಲ್ಲಿ ಒಂದು ಹಾಸಿಗೆ ಉಳಿಯಿತು.

ಸಾವಿನ ವಿಚಾರಣೆ ನಡೆಸಿದ ನ್ಯಾಯಾಧೀಶೆ ಹ್ಯಾಲೆಟ್ 2011ರ ಮೇ 6ರಂದು ವರದಿ ಕೊಟ್ಟರು. ರಕ್ಷಣಾ ಕಾರ್ಯದ ಕೊರತೆಗಳನ್ನು ವಿವರವಾಗಿ ಹೇಳಿದರು. ಆದರೆ ಆ 52 ಜನರಲ್ಲಿ ಯಾರೂ ಆ ಕೊರತೆಗಳ ಕಾರಣಕ್ಕೆ ಸತ್ತಿರುವ ಸಂಭವವಿಲ್ಲ ಎಂಬ ತೀರ್ಮಾನಕ್ಕೆ ಬಂದರು. ಈ ಎರಡೂ ಮಾತನ್ನು ಒಟ್ಟಿಗೇ ಇಟ್ಟುಕೊಂಡು ಓದಬೇಕು. ಎರಡನೆಯದನ್ನು ಹಿಡಿದು ಮೊದಲನೆಯದನ್ನು ಮರೆಯುವುದು ಸುಲಭ. ಮುಂದಿನ ಸಲ ಗಾಯಗಳು ಬೇರೆ ಥರ ಇರಬಹುದು. ಆಗ ಅದೇ ವಿಳಂಬ ಜೀವ ತೆಗೆಯಬಹುದು.

ಬದಲಾದದ್ದು, ಬದಲಾಗಬೇಕಾದದ್ದು

ಆಂಬ್ಯುಲೆನ್ಸ್ ಸೇವೆ ತನ್ನ ಅಧಿಕಾರಿಗಳಿಗೆ ಮತ್ತೆ ಪೇಜರ್ ಕೊಟ್ಟಿತು. ಮುಂದಿನ ವರ್ಷಗಳಲ್ಲಿ ತುರ್ತು ಸೇವೆಗಳ ಡಿಜಿಟಲ್ ರೇಡಿಯೋ ಸುರಂಗಗಳಿಗೂ ಬಂತು. ಪೊಲೀಸ್, ಅಗ್ನಿಶಾಮಕ, ಆಂಬ್ಯುಲೆನ್ಸ್ ಮೂರೂ ಒಂದೇ ಬಗೆಯಲ್ಲಿ ವರದಿ ಮಾಡುವ ಪದ್ಧತಿ ಬಂತು. ಟ್ರಯಾಜ್ ವಿಧಾನ ಬದಲಾಗಲು ಇನ್ನೂ ಬಹಳ ವರ್ಷ ಹಿಡಿಯಿತು. 2023ರಲ್ಲಿ ಇಂಗ್ಲೆಂಡಿನಲ್ಲಿ ಹತ್ತು ಸೆಕೆಂಡಿನ ಟ್ರಯಾಜ್ ಜಾರಿಗೆ ಬಂತು. ಅದರಲ್ಲಿ ಉಸಿರು ಎಣಿಸುವುದಿಲ್ಲ, ಉಗುರು ಒತ್ತುವುದಿಲ್ಲ. ನಡೆಯುತ್ತಾರಾ, ಜೋರಾಗಿ ರಕ್ತ ಸುರಿಯುತ್ತಿದೆಯಾ, ಮಾತಾಡುತ್ತಾರಾ, ಉಸಿರಾಡುತ್ತಾರಾ, ಇಂಥ ಕೆಲವೇ ಪ್ರಶ್ನೆಗಳು. ರಕ್ತ ಸುರಿಯುತ್ತಿದ್ದರೆ ಅಲ್ಲೇ ನಿಲ್ಲಿಸುವುದೂ ಅದರ ಭಾಗ. ಪೊಲೀಸರೂ ಅಗ್ನಿಶಾಮಕದವರೂ ಮಾಡಬಲ್ಲಷ್ಟು ಸರಳ. ಕತ್ತಲಲ್ಲಿ, ಗದ್ದಲದಲ್ಲಿ ನಿಂತವರಿಗೆ ಬೇಕಾದದ್ದು ಇಂಥದ್ದೇ.

ಹ್ಯಾಲೆಟ್ ಅವರ ಒಂಬತ್ತು ಶಿಫಾರಸುಗಳಲ್ಲಿ ಕೊನೆಯದು ಏರ್ ಆಂಬ್ಯುಲೆನ್ಸಿನ ಬಗ್ಗೆಯೇ ಇತ್ತು. ಈ ಬಗೆಯ ತುರ್ತು ವೈದ್ಯಕೀಯ ಸೇವೆಯ ಸಾಮರ್ಥ್ಯ ಮತ್ತು ಹಣಕಾಸನ್ನು ಸರ್ಕಾರ ಮರುಪರಿಶೀಲಿಸಬೇಕು ಎಂದು. ಅಷ್ಟು ದೊಡ್ಡ ರಾಜಧಾನಿಯ ಇಂಥ ಸೇವೆ ಬಹುಪಾಲು ದಾನದ ಹಣದಿಂದ ನಡೆಯುತ್ತದೆ. ಅಂದು ಹೋದ ಹಲವು ವೈದ್ಯರು ಕರ್ತವ್ಯದಲ್ಲೇ ಇರಲಿಲ್ಲ. ತಿಂಗಳ ಸಭೆ ಮರುದಿನ ಇದ್ದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ಯಾವ ವರದಿಯೂ ಸಮಾಧಾನದ ಉತ್ತರ ಕೊಡಲಾರದು. ಯೋಜನೆ ಮಾಡುವವರು ಆ ಮರುದಿನದ ಹಾಜರಾತಿಯನ್ನೇ ಎದುರಿಗಿಟ್ಟುಕೊಂಡು ಲೆಕ್ಕ ಹಾಕಬೇಕು.

ಭಾರತದಲ್ಲಿ ಈ ಕೆಲಸ ಈಗಷ್ಟೇ ಶುರುವಾಗಿದೆ. ಋಷಿಕೇಶದ ಏಮ್ಸ್‌ನ ಹೆಲಿಕಾಪ್ಟರ್ ತುರ್ತು ಸೇವೆಗೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರ್‌ನಲ್ಲಿ. ಬೆಟ್ಟದ ದಾರಿಯಲ್ಲಿ ಅದರ ಅಗತ್ಯ ಎಲ್ಲರಿಗೂ ಕಾಣುತ್ತದೆ. ಬೆಂಗಳೂರಿನಂಥ ನಗರದಲ್ಲಿ ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ಆದರೆ ನಮ್ಮ ಮೆಟ್ರೋ 2016ರಿಂದ ನೆಲದಡಿಯಲ್ಲೂ ಓಡುತ್ತಿದೆ, ಮೇಲಿನ ರಸ್ತೆಗಳ ಸ್ಥಿತಿ ನಮಗೆ ಗೊತ್ತೇ ಇದೆ. ಇಲ್ಲಿ ಯಾರಾದರೂ ಇಂಥ ಯೋಜನೆ ಬರೆಯಲು ಕೂತರೆ ಎಷ್ಟು ಹೆಲಿಕಾಪ್ಟರ್ ಕೊಳ್ಳಬೇಕು ಎಂಬಲ್ಲಿಂದ ಶುರು ಮಾಡಬೇಕಾಗಿಲ್ಲ. ಒಂದೇ ಬಗೆಯ ಚೀಲ ಹಿಡಿದು, ಒಂದೇ ಕ್ರಮದಲ್ಲಿ ಪಳಗಿದ ಎಷ್ಟು ವೈದ್ಯರು ಮತ್ತು ಪ್ಯಾರಾಮೆಡಿಕ್‌ಗಳು ಯಾವುದೇ ಒಂದು ಗುರುವಾರ ಬೆಳಿಗ್ಗೆ ಸಿಗುತ್ತಾರೆ, ಅವರನ್ನು ಕರೆಯುವುದು ಯಾರು, ಅವರ ಮಾತು ಆಸ್ಪತ್ರೆಗೆ ಯಾವ ದಾರಿಯಲ್ಲಿ ತಲುಪುತ್ತದೆ ಎಂಬುದನ್ನು ಮೊದಲು ಬರೆಯಲಿ. ಹಾರುವ ಯಂತ್ರದ ಮಾತು ಅದಾದ ಮೇಲೆ.